ಪರದೆಯ ಮೇಲಿನ ಟಿಕಳಿ

ಆ ಟಿಕಳಿ ಕೆಂಪು ಬಣ್ಣದ್ದು ಎಂದು ನಾನು ಎರಡು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಇದನ್ನು ಬರೆಯಲು ಕೂರುವ ಮುನ್ನ ಹಳೆಯ ಡೈರಿ ತೆಗೆದು ನೋಡಿದರೆ ಅಲ್ಲಿ ‘ಹಸಿರು ಟಿಕಳಿ’ ಎಂದಿದೆ. ಅಕ್ಷರ ನನ್ನದೇ. ಹಣೆಗೆ ಹಚ್ಚುವ ಬೊಟ್ಟು ಎಂದ ಮೇಲೆ ಕೆಂಪೇ ಇರಬೇಕೆಂದು ಮನಸ್ಸು ತಾನೇ ಬಣ್ಣ ಬಳಿದುಕೊಂಡಿರಬೇಕು. ಹಾಗಾಗಿ ಇಲ್ಲಿ ಡೈರಿ ಒಂದು ಹೇಳಿ ನೆನಪು ಇನ್ನೊಂದು ಹೇಳಿದ ಕಡೆ ಡೈರಿಯನ್ನು ನಂಬುತ್ತೇನೆ. ನೆನಪಿನಲ್ಲಿ ಮಾತ್ರ ಇರುವುದನ್ನು ಹಾಗೆಂದೇ ಹೇಳುತ್ತೇನೆ.

ನಾನು ಕೆಲಸ ಮಾಡುವುದು ಕಲಬುರಗಿಯ ಒಂದು ಸಣ್ಣ ಕಂಪನಿಯಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕೆಲವು ಹಳ್ಳಿಗಳಲ್ಲಿ ಕುಡಿಯುವ ನೀರಿನ ಕೊಳವೆಬಾವಿಗಳೊಳಗೆ ಒಂದೊಂದು ಉಪಕರಣ ಇಳಿಬಿಟ್ಟಿದ್ದಾರೆ. ನೀರಿನ ಮಟ್ಟ ಎಲ್ಲಿದೆ ಎಂದು ಅದು ಕಾಲು ಗಂಟೆಗೊಮ್ಮೆ ಒಂದು ಅಂಕಿ ಕಳಿಸುತ್ತದೆ. ಆ ಅಂಕಿಗಳನ್ನು ಗೆರೆಯಾಗಿಸಿ ಕಂಪ್ಯೂಟರಿನಲ್ಲಿ ತೋರಿಸುವ ತಂತ್ರಾಂಶ ನಮ್ಮದು. ನೀರು ಏರಿದರೆ ಗೆರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ನನಗೆ ಇದಕ್ಕಿಂತ ಸರಳವಾದ ಕೆಲಸ ಇರಲಾರದು ಅನ್ನಿಸಿತ್ತು.

ಆ ವರ್ಷ ನನಗೆ ಒಪ್ಪಿಸಿದ್ದು ಗ್ರಾಫಿನ ಪುಟವನ್ನು ಹೊಸದಾಗಿ ಮಾಡುವ ಕೆಲಸ. ಹಳೆಯ ಪುಟದಲ್ಲಿ ಒಂದು ಸಲಕ್ಕೆ ಒಂದೇ ಬಾವಿಯ ಗೆರೆ ಕಾಣುತ್ತಿತ್ತು. ಎರಡನ್ನು ಹೋಲಿಸಬೇಕೆಂದರೆ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯಬೇಕು. ಬಳಸುವವರು ಇದಕ್ಕೆ ತಮ್ಮ ತಮ್ಮ ದಾರಿ ಹುಡುಕಿಕೊಂಡಿದ್ದರು. ಆಳಂದದ ನೀರು ಸರಬರಾಜು ಕಚೇರಿಯಲ್ಲಿ ಮೂರೂ ತಾಲೂಕಿನ ಅಂಕಿ ನೋಡಿಕೊಳ್ಳುವ ಒಬ್ಬ ಹಿರಿಯ ಸರ್ ಇದ್ದರು. ಅವರು ಎರಡೂ ಗ್ರಾಫುಗಳ ಪ್ರಿಂಟು ತೆಗೆದು, ಒಂದರ ಮೇಲೊಂದಿಟ್ಟು, ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಬೆಳಕಿನಲ್ಲಿ ನೋಡುತ್ತಿದ್ದರು. ಮೋಡವಿದ್ದ ದಿನ ಕೆಲಸ ಮುಂದಕ್ಕೆ.

ಜೇವರ್ಗಿಯ ಕೆಲಸ ನೋಡುತ್ತಿದ್ದವರನ್ನು ಎಲ್ಲರೂ ಆಪಾ, ಉರ್ದುವಿನಲ್ಲಿ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಐವತ್ತರ ಹತ್ತಿರದ ವಯಸ್ಸು, ಹಳ್ಳಿ ಹಳ್ಳಿ ಬಸ್ಸಿನಲ್ಲಿ ತಿರುಗಿ ಉಪಕರಣಗಳನ್ನು ತೊಳೆದು, ಬ್ಯಾಟರಿ ಬದಲಿಸಿ ಬರುವವರು. ಅವರ ದಾರಿ ಟಿಕಳಿ. ಪಕ್ಕದ ಮೇಜಿನ ಹೆಣ್ಣುಮಗಳು ಮುಖ ತೊಳೆಯುವಾಗ ಹಣೆಯ ಟಿಕಳಿ ತೆಗೆದು ಕನ್ನಡಿಯ ಬದಲು ಕಂಪ್ಯೂಟರಿನ ಅಂಚಿಗೆ ಅಂಟಿಸಿಡುತ್ತಿದ್ದಳಂತೆ. ಅದನ್ನು ನೋಡಿಯೇ ಆಪಾಗೆ ಉಪಾಯ ಹೊಳೆದದ್ದು. ಒಂದು ಬಾವಿಯ ಗೆರೆ ಎಲ್ಲಿಯ ತನಕ ಇಳಿದಿದೆಯೋ ಅಲ್ಲಿ ಪರದೆಯ ಮೇಲೇ ಒಂದು ಟಿಕಳಿ ಅಂಟಿಸುವುದು. ಇನ್ನೊಂದು ಬಾವಿಯನ್ನು ತೆರೆದು ಅದರ ಗೆರೆಯೂ ಟಿಕಳಿಗೆ ತಾಗುತ್ತದೆಯೋ ನೋಡುವುದು. ತಾವೇ ಒಂದು ಪಾಕೀಟು ಕೊಂಡು ಪರ್ಸಿನಲ್ಲಿ ಇಟ್ಟುಕೊಂಡಿದ್ದರು.

ಆಳಂದದ ಸರ್ ಇದನ್ನು ಬಿಡುತ್ತಾರೆಯೇ? “ಆಪಾ, ನೀವಂತೂ ಹಚ್ಚಿಕೊಳ್ಳೂದಿಲ್ಲ. ಕಂಪ್ಯೂಟರಿಗೆ ಮಾತ್ರ ದಿನಾ ಹಚ್ಚತೀರಿ” ಎಂದು ಛೇಡಿಸುತ್ತಿದ್ದರು. ಅದರ ಹಣೆಬರಹ ನೆಟ್ಟಗಾಗಲಿ ಅಂತ ಹಚ್ಚುವುದು ಎಂದು ಆಪಾ ಉತ್ತರ ಕೊಟ್ಟಿದ್ದರೆಂದು ನನ್ನ ನೆನಪು. ಡೈರಿಯಲ್ಲಿ ಆ ಉತ್ತರ ಇಲ್ಲ. ಆಮೇಲೆ ನಾನೇ ಸೇರಿಸಿಕೊಂಡಿದ್ದರೂ ಇರಬಹುದು.

ಹೊಸ ಪುಟವನ್ನು ನಾನು ಬಹಳ ಅಚ್ಚುಕಟ್ಟಾಗಿ ಮಾಡಿದ್ದೆ. ಒಂದೇ ಪರದೆಯಲ್ಲಿ ಇಪ್ಪತ್ತನಾಲ್ಕು ಬಾವಿಗಳು, ಸಮನಾದ ಚೌಕಗಳು, ಹೆಸರುಗಳು ಅಕಾರಾದಿಯಲ್ಲಿ. ಪ್ರತಿ ಗೆರೆಯೂ ತನ್ನ ಚೌಕದ ತಲೆಯಿಂದ ಬುಡದ ತನಕ ತುಂಬಿಕೊಂಡು ಕಾಣುವಂತೆ ಅಳತೆ ತಾನಾಗಿ ಹೊಂದಿಕೊಳ್ಳುತ್ತಿತ್ತು. ಹಳೆಯ ಪುಟದಲ್ಲೂ ಅದೇ ಪದ್ಧತಿ ಇತ್ತು, ನಾನು ಹಾಗೇ ಉಳಿಸಿಕೊಂಡೆ. ನೋಡಲು ಚಂದವಿತ್ತು. ನಮ್ಮ ಕಂಪನಿಯ ಹಿರಿಯರೂ ಮೆಚ್ಚಿದರು. ಅದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು, ತೋರಿಸಿ ಶಭಾಷ್ ಅನ್ನಿಸಿಕೊಂಡು ಬರುವುದೆಂದು ಆಳಂದಕ್ಕೆ ಹೋದೆ. ಆಪಾ ಅವತ್ತು ಬೇರೆ ಕಾರಣಕ್ಕೆ ಅಲ್ಲಿಗೆ ಬಂದಿದ್ದರು.

ಅವರ ಕಾರಣ ಜೇವರ್ಗಿ ತಾಲೂಕಿನ ನೆಲೋಗಿಯ ಒಂದು ಕೈಪಂಪು. ಊರವರು ಅದನ್ನು ಬೋರಿಂಗ್ ಎನ್ನುತ್ತಾರೆ. ಊರಿನ ಎತ್ತರದ ಭಾಗದಲ್ಲಿ ಒಂದು ಓಣಿ ಇದೆ. ನಳದ ನೀರು ಅಲ್ಲಿಗೆ ಏರುವುದು ಕಷ್ಟ, ಓಣಿಯ ಮನೆಗಳು ಆ ಬೋರಿಂಗನ್ನೇ ನಂಬಿವೆ. ಒಂದು ವರ್ಷದ ಹಿಂದೆ ಅದಕ್ಕೆ ಸ್ವಲ್ಪ ದೂರದಲ್ಲಿ ದೊಡ್ಡ ಕೊಳವೆಬಾವಿ ಕೊರೆದು ಮೋಟಾರು ಕೂರಿಸಿದ್ದರು. ಆಮೇಲಿಂದ ಬೋರಿಂಗಿನಲ್ಲಿ ಬೆಳಿಗ್ಗೆ ನೀರು ಬರುವುದು ನಿಂತಿತು. ಪರೀಕ್ಷೆಗೆ ಬಂದವರೂ ಬೆಳಿಗ್ಗೆಯೇ ಬಂದು, ಹೊಡೆದು ನೋಡಿ, ಬತ್ತಿದೆ ಎಂದು ಬರೆದುಕೊಂಡು ಹೋಗಿದ್ದರು. ಬತ್ತಿದ ಕೊಳವೆಬಾವಿಯ ಬಾಯಿ ತೆರೆದಿಡುವಂತಿಲ್ಲವಾದ್ದರಿಂದ ಪಂಪು ಕಿತ್ತು ಮುಚ್ಚಳ ಹಾಕಿಸುವ ಪಟ್ಟಿಗೆ ಅದು ಸೇರಿತ್ತು. ಪಟ್ಟಿಗೆ ಒಪ್ಪಿಗೆ ಕೊಡುವ ಸಭೆಗೆ ಒಂದು ತಿಂಗಳಿತ್ತು. ಬೋರಿಂಗ್ ಬತ್ತಿಲ್ಲ, ಹೊಸ ಮೋಟಾರು ಅದರ ನೀರನ್ನು ಎಳೆಯುತ್ತಿದೆ ಎಂದು ಆಪಾ ವರದಿ ಬರೆದಿದ್ದರು. ಅದಕ್ಕೆ ಸರ್ ಅವರ ಸಹಿ ಬೇಕಾಗಿತ್ತು.

ವರದಿಯಲ್ಲಿ ಅವರು ಕೊಟ್ಟಿದ್ದ ಪುರಾವೆ ಇದು: ಎರಡೂ ಬಾವಿಗಳ ಗೆರೆ ಇಳಿದು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಆದ್ದರಿಂದ ಎರಡಕ್ಕೂ ಒಂದೇ ನೀರು.

ನನ್ನ ಇಪ್ಪತ್ತನಾಲ್ಕು ಚೌಕಗಳನ್ನು ಸರ್ ಕನ್ನಡಕ ಏರಿಸಿ ನೋಡಿದರು. ಚಂದ ಆಗಿದೆ ಎಂದರು. ಆಪಾ ಬಂದು ನಿಂತರು. ನೆಲೋಗಿಯ ಎರಡು ಬಾವಿಗಳು ಪರದೆಯ ಎರಡು ಮೂಲೆಯಲ್ಲಿ ಇದ್ದವು, ಯಾಕೆಂದರೆ ಅಕಾರಾದಿಯಲ್ಲಿ ‘ಕೈಪಂಪು, ನೆಲೋಗಿ’ ಒಂದು ಕಡೆ, ‘ಮೋಟಾರು, ನೆಲೋಗಿ’ ಇನ್ನೊಂದು ಕಡೆ. ಆಪಾ ಕೈಪಂಪಿನ ಗ್ರಾಫನ್ನು ಒತ್ತಿ ದೊಡ್ಡದು ಮಾಡಿ, ಪರ್ಸು ತೆಗೆದು, ನನ್ನ ಹೊಸ ಲ್ಯಾಪ್‌ಟಾಪಿನ ಪರದೆಯ ಮೇಲೆ ಟಿಕಳಿ ಅಂಟಿಸಿದರು. ನಾನು ಬೆಚ್ಚಿದೆ. ಆಮೇಲೆ ಮೋಟಾರಿನ ಗ್ರಾಫ್ ತೆರೆದರು. ಗೆರೆಯ ಕೆಳತುದಿ ಸರಿಯಾಗಿ ಟಿಕಳಿಯ ಮಟ್ಟಕ್ಕೆ ಬಂದು ತಾಗಿತು.

“ನೋಡ್ರಿ ಸರ್, ಬರೋಬ್ಬರಿ ಅದ ಇಲ್ಲೋ?”

ಸರ್ ಮೌಸ್ ತೆಗೆದುಕೊಂಡು ಮಣ್ಣೂರಿನ ಬಾವಿಯನ್ನು ತೆರೆದರು. ಮಣ್ಣೂರ ಇರುವುದು ಅಫಜಲಪುರದ ಕಡೆ, ಭೀಮಾ ನದಿಯ ದಂಡೆಯ ಮೇಲೆ. ನೆಲೋಗಿಯ ಮೋಟಾರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅದರ ಗೆರೆಯೂ ಟಿಕಳಿಗೇ ತಾಗಿತು. ಆಳಂದ ತಾಲೂಕಿನ ಮಾದನಹಿಪ್ಪರಗಾದ್ದು ತೆರೆದರು. ಅದೂ ತಾಗಿತು.

ಮಣ್ಣೂರನ್ನು ತೆರೆದದ್ದು ನಾನು ಎಂದು ಇಷ್ಟು ದಿನ ನಂಬಿದ್ದೆ. ಹೊಸಬರಿಗೆ ಕೆಲಸ ಕಲಿಸುವಾಗ ಈ ಕಥೆಯನ್ನು ಹಾಗೆಯೇ ಹೇಳಿದ್ದೇನೆ. ಡೈರಿ ಸ್ಪಷ್ಟವಾಗಿದೆ: ‘ಸರ್ ಮಣ್ಣೂರ ತೆರೆದರು.’ ಪ್ರತಿ ಗೆರೆಯೂ ಚೌಕದ ಬುಡಕ್ಕೆ ತಾಗುವಂತೆ ಮಾಡಿಟ್ಟವಳು ನಾನು. ಟಿಕಳಿಗೆ ತಾಗದ ಬಾವಿಯೇ ಅಲ್ಲಿ ಇರಲು ಸಾಧ್ಯವಿರಲಿಲ್ಲ. ಡೈರಿಯ ಹಿಂದಿನ ಪುಟಗಳಲ್ಲಿ ಇನ್ನೊಂದು ಸಾಲು ಸಿಕ್ಕಿತು. ಮಳೆಗಾಲದಲ್ಲಿ ಮಾದನಹಿಪ್ಪರಗಾದ ಬಾವಿ ಮಣ್ಣೂರಿನಷ್ಟೇ ಏರಿದೆ ಎಂದು ನಾನೇ ಸಂತೋಷದಿಂದ ಬರೆದಿದ್ದೆ. ಹೊಳೆ ತುಂಬಿದಾಗ ಮಣ್ಣೂರಿನದು ಆಳೆತ್ತರ ಏರುತ್ತದೆ; ಮಾದನಹಿಪ್ಪರಗಾದ್ದು ಅಂದು ಏರಿದ್ದು ಒಂದು ಗೇಣು. ಎಂ.ಎಸ್ಸಿ. ಓದಿದವಳು ಅಂಕಿ ನೋಡದೆ ಗೆರೆಯ ಗುಡ್ಡದಂಥ ಆಕಾರ ನೋಡಿ ಮೋಸ ಹೋಗಿದ್ದೆ. ಆಪಾ ಮೋಸ ಹೋದದ್ದು ನನಗಿಂತ ದೊಡ್ಡ ತಪ್ಪೇನಲ್ಲ.

ಅಲ್ಲಿಯೇ ಕೂತು ಎಲ್ಲ ಗ್ರಾಫುಗಳಿಗೂ ಒಂದೇ ಅಳತೆ ಹಾಕಿದೆ. ಮೋಟಾರಿನ ಗೆರೆ ಆಳಕ್ಕೆ ಧುಮುಕಿತು. ಬೋರಿಂಗಿನ ಗೆರೆ ನೂಲು ಎಳೆದ ಹಾಗೆ ಸಪಾಟಾಯಿತು. ಏನೂ ಇಳಿದೇ ಇಲ್ಲ ಎನ್ನುವ ಹಾಗೆ.

ಆಪಾ ಕುರ್ಚಿ ಎಳೆದು ಕೂತು ನನ್ನನ್ನು ಕೇಳಿದರು: “ಹಂಗಾದ್ರ ನಾ ಬರದದ್ದು ಸುಳ್ಳೇನ್, ತಂಗಿ?”

ನೀವು ಕೊಟ್ಟ ಕಾರಣ ತಪ್ಪು, ಮಾತು ತಪ್ಪೋ ಸರಿಯೋ ಇನ್ನೂ ಗೊತ್ತಿಲ್ಲ ಎಂದೆ. ಹೀಗೆ ಹೇಳುವ ಧೈರ್ಯ ಎಲ್ಲಿಂದ ಬಂತೋ. ಬಹುಶಃ ಅಪರಾಧದಲ್ಲಿ ನನಗೂ ಪಾಲಿದ್ದದ್ದರಿಂದ.

“ಮುಂಜಾನಿ ಏಳಕ್ಕ ಬೋರಿಂಗ್ ಹೊಡದ್ರ ಬರೇ ಗಾಳಿ ಬರ್ತದ. ಸಂಜಿಕ ಹೊಡದ್ರ ಕೊಡ ತುಂಬತದ. ನಾನೇ ಹೊಡದು ನೋಡೇನಿ. ಅದಾದ್ರೂ ಖರೆ ಅದ ಇಲ್ಲೋ?”

ಸರ್ ತಲೆ ಅಲ್ಲಾಡಿಸಿದರು. ಓಣಿಯವರೆಲ್ಲ ಬೆಳಿಗ್ಗೆಯೇ ಬಂದು ಹೊಡೆಯುತ್ತಾರೆ, ಹೊಡೆದರೆ ನೀರು ಇಳಿಯುತ್ತದೆ, ಅದಕ್ಕೆ ಮೋಟಾರು ಯಾಕೆ ಬೇಕು ಎಂದು ಕೇಳಿದರು. ಸಭೆಯಲ್ಲಿ ಕೂತವರೂ ಇದನ್ನೇ ಕೇಳುತ್ತಾರೆ ಎಂದರು. ಸಹಿ ಹಾಕದೆ ವರದಿಯನ್ನು ಮಡಚಿ ಆಪಾ ಕೈಗೆ ಕೊಟ್ಟರು. ಸಿಟ್ಟಿನಿಂದಲ್ಲ. ಈ ಕಾಗದ ಹಿಡಿದುಕೊಂಡು ಹೋದರೆ ನಿಮ್ಮನ್ನು ನಗುತ್ತಾರೆ, ಆಮೇಲೆ ನೀವು ಯಾವ ಬಾವಿಯ ಬಗ್ಗೆ ಏನು ಹೇಳಿದರೂ ಯಾರೂ ಕೇಳುವುದಿಲ್ಲ ಎಂದು ಮೆಲ್ಲಗೆ ಹೇಳಿದರು.

ಕಲಬುರಗಿಗೆ ಮರಳುವ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆರೆದರೆ ಟಿಕಳಿ ಇನ್ನೂ ಅಲ್ಲೇ ಇತ್ತು. ಕೀಳಲು ಹೋಗಿ ಬಿಟ್ಟೆ. ಸಂಜೆಗೆ ನೀರು ಬರುತ್ತದೆ, ಬೆಳಿಗ್ಗೆ ಬರುವುದಿಲ್ಲ ಎಂದು ಆಪಾ ಹೇಳಿದ್ದರಲ್ಲ, ಅದರಲ್ಲಿ ಎಷ್ಟು ಆಳ ಎನ್ನುವ ಪ್ರಶ್ನೆಯೇ ಇರಲಿಲ್ಲ. ಯಾವಾಗ ಎನ್ನುವುದು ಪ್ರಶ್ನೆ. ನಾವೆಲ್ಲ ಟಿಕಳಿಯನ್ನು ಮೇಲೆ ಕೆಳಗೆ ನೋಡುತ್ತಿದ್ದೆವು. ನೋಡಬೇಕಾದದ್ದು ಎಡಕ್ಕೆ ಬಲಕ್ಕೆ. ಇಷ್ಟು ಹೊಳೆದ ಮೇಲೆ ನನ್ನ ಚಂದದ ಇಪ್ಪತ್ತನಾಲ್ಕು ಚೌಕಗಳನ್ನು ಅಳಿಸಿಹಾಕಲು ಬೇಸರವಾಗಲಿಲ್ಲ.

ಎರಡು ವಾರ ಕೂತು ಬೇರೆಯದೇ ಪುಟ ಮಾಡಿದೆ. ಬಳಸುವವರು ತಮಗೆ ಬೇಕಾದ ಬಾವಿಗಳನ್ನು ಮಾತ್ರ ಎತ್ತಿಕೊಂಡು, ಒಂದರ ಕೆಳಗೊಂದು ಇಡಬಹುದು. ಹೊತ್ತು ಎಲ್ಲಕ್ಕೂ ಒಂದೇ. ಮೇಲಿನ ಗ್ರಾಫಿನ ಬೆಳಿಗ್ಗೆ ಆರರ ನೇರಕ್ಕೆ ಕೆಳಗಿನದರಲ್ಲೂ ಬೆಳಿಗ್ಗೆ ಆರು. ಎಲ್ಲಿಯಾದರೂ ಒಂದು ಗುರುತು ಇಟ್ಟರೆ ಅಲ್ಲಿಂದ ಒಂದು ಗೆರೆ ಎಲ್ಲ ಗ್ರಾಫುಗಳನ್ನೂ ದಾಟಿ ನೇರ ಕೆಳಗಿಳಿಯುತ್ತದೆ. ಪ್ರತಿ ಗ್ರಾಫಿನ ಪಕ್ಕ ಒಂದು ಮೀಟರ್ ಎಷ್ಟೆಂದು ತೋರಿಸುವ ಕೋಲು ನಿಂತಿರುತ್ತದೆ. ಕೋಲು ಉದ್ದ ಕಂಡರೆ ಈ ಗೆರೆಯನ್ನು ಹಿಗ್ಗಿಸಿ ತೋರಿಸಿದ್ದಾರೆ ಎಂದು ಅರ್ಥ, ಗಿಡ್ಡ ಕಂಡರೆ ಕುಗ್ಗಿಸಿದ್ದಾರೆ ಎಂದು. ಒಂದೇ ಅಳತೆ ಬೇಕೆಂದರೆ ಒಂದು ಗುಂಡಿ ಒತ್ತಿದರೆ ಸಾಕು. ಇಟ್ಟ ಜೋಡಣೆ ನಾಳೆ ತೆರೆದಾಗಲೂ ಹಾಗೇ ಇರಬೇಕು ಎಂದು ಆಪಾ ಫೋನಿನಲ್ಲಿ ಹೇಳಿದ್ದನ್ನೂ ಸೇರಿಸಿದೆ. ತಾನು ಇಟ್ಟ ಪಾತ್ರೆಯನ್ನು ಬೇರೆಯವರು ಬಂದು ಅಕಾರಾದಿಯಲ್ಲಿ ಜೋಡಿಸಿದರೆ ಅಡುಗೆ ಹೇಗೆ ಮಾಡುವುದು ಎಂದಿದ್ದರು. ಈ ಮಾತು ಡೈರಿಯಲ್ಲಿದೆ, ಅದಕ್ಕೆ ಕೆಳಗೆ ಗೆರೆಯೂ ಎಳೆದಿದ್ದೇನೆ.

ಹೊಸ ಪುಟದಲ್ಲಿ ಮೇಲೆ ಮೋಟಾರು, ಕೆಳಗೆ ಬೋರಿಂಗ್. ಮೋಟಾರು ಆರಕ್ಕೆ ಶುರುವಾಗುತ್ತದೆ. ಬೋರಿಂಗಿನ ಗೆರೆ ಆರೂವರೆಗೆ ಬಾಗುತ್ತದೆ. ಪ್ರತಿದಿನವೂ ಹಾಗೇ. ಇಳಿಯುವುದು ಒಂದು ಮೀಟರೂ ಇಲ್ಲ. ಆದರೆ ಕೈಪಂಪಿನ ಕೊಳವೆ ನೀರಿಗೆ ಮುಳುಗಿದ್ದದ್ದೇ ಅಷ್ಟು, ಅಷ್ಟು ಇಳಿದರೆ ಅದು ಗಾಳಿ ಎಳೆಯುತ್ತದೆ. ಒಂದೇ ಅಳತೆಯಲ್ಲಿ ಸಪಾಟಾಗಿ ಕಂಡದ್ದು ಸುಳ್ಳಲ್ಲ, ಓಣಿಯವರಿಗೆ ಅದರಿಂದ ಉಪಯೋಗವಿರಲಿಲ್ಲ ಅಷ್ಟೆ.

ಸರ್ ಮಾತ್ರ ಒಪ್ಪಲಿಲ್ಲ. ಜನ ಹೊಡೆಯುವುದೂ ಆರೂವರೆಗೇ ಎಂದರು. ಆ ಮಾತಿಗೆ ನನ್ನ ಯಾವ ಗ್ರಾಫಿನಲ್ಲೂ ಉತ್ತರವಿರಲಿಲ್ಲ. ಉತ್ತರ ಕೊಟ್ಟದ್ದು ಆಪಾ. ಮೋಟಾರನ್ನು ಮಧ್ಯಾಹ್ನ ಹನ್ನೆರಡಕ್ಕೆ ಶುರು ಮಾಡಿಸೋಣ, ಮೂರೇ ದಿನ, ಬೋರಿಂಗ್ ಯಾವಾಗ ಬಾಗುತ್ತದೆ ನೋಡೋಣ ಎಂದರು. ಬೆಳಿಗ್ಗೆಯೇ ಬಾಗಿದರೆ ತಮ್ಮ ವರದಿಯನ್ನು ತಾವೇ ಹರಿದುಹಾಕುವುದಾಗಿ ಹೇಳಿದರು. ಸರ್ ಅದಕ್ಕೆ ಒಪ್ಪಿ, ಪಂಚಾಯಿತಿಯವರಿಗೆ ತಾವೇ ಫೋನು ಮಾಡಿ ಕೇಳಿದರು.

ನೆಲೋಗಿಗೆ ನಾನೂ ಹೋದೆ. ಮೊದಲ ದಿನ ಬೆಳಿಗ್ಗೆ ಏಳಕ್ಕೆ ನಾವು ಓಣಿಗೆ ಹೋದಾಗ ಬೋರಿಂಗಿನ ಹತ್ತಿರ ಒಬ್ಬಳೇ ಒಬ್ಬ ಮುದುಕಿ ಇದ್ದಳು. ಉಳಿದವರು ಬೆಳಿಗ್ಗೆ ಬರುವುದನ್ನೇ ಬಿಟ್ಟಿದ್ದರು. ಹಾಗಾಗಿ ಸರ್ ಅವರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತ್ತು, ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಮುದುಕಿ ಹಿಡಿಕೆಯನ್ನು ನಾಲ್ಕೈದು ಸಲ ಒತ್ತಿದಳು. ನೀರು ಬಂತು. ಅವಳು ನಮ್ಮ ಕಡೆ ತಿರುಗಿ, “ಏನ್ ಮಾಡೀರಿ ಬೇ ಇದಕ್ಕ?” ಎಂದಳು.

ಏನೂ ಮಾಡಿಲ್ಲ ಯವ್ವಾ, ಮೋಟಾರಿನವನಿಗೆ ಇವತ್ತು ಸ್ವಲ್ಪ ಹೊತ್ತು ಮಲಗು ಅಂತ ಹೇಳಿದ್ದೇವೆ ಎಂದು ಆಪಾ ನಕ್ಕರು. ಮುದುಕಿ ಅದನ್ನು ನಂಬಿದ ಹಾಗೆ ಕಾಣಲಿಲ್ಲ. ಕೊಡ ತುಂಬಿಸಿ, ಸೊಂಟಕ್ಕಿಟ್ಟು, ಓಣಿಯ ಕಡೆ ಮುಖ ಮಾಡಿ ಒಂದು ಕೂಗು ಹಾಕಿದಳು. ಹತ್ತು ನಿಮಿಷದಲ್ಲಿ ಕೊಡ ಹಿಡಿದವರ ಪಾಳಿ ಹತ್ತಿತು.

ಆಪಾಗೆ ಅದರಿಂದ ಗಾಬರಿಯಾಯಿತು. ಈಗ ಎಲ್ಲರೂ ಹೊಡೆದರೆ ಗೆರೆ ಬೆಳಿಗ್ಗೆಯೇ ಬಾಗುತ್ತದೆ, ಸರ್ ಹೇಳಿದ್ದೇ ಖರೆ ಆಗುತ್ತದೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ಜನರನ್ನು ಹೊಡೆಯಬೇಡಿ ಅನ್ನೋಣವೇ ಎಂದು ನಾನು ಕೇಳಿದೆ. ಅವರು ಪಾಳಿಯನ್ನು ನೋಡಿದರು. “ಬ್ಯಾಡ” ಎಂದರು. “ನೀರಿಗೆ ಬಂದವರಿಗೆ ಬ್ಯಾಡ ಅಂದು ಯಾವ ಪುರಾವಾ ಮಾಡೂದದ?”

ಮೂರು ದಿನವೂ ಓಣಿಯವರು ಮನಸ್ಸು ತುಂಬ ಹೊಡೆದರು. ನಾಲ್ಕನೆಯ ದಿನ ನಾವು ಮೂವರೂ ಆಳಂದದಲ್ಲಿ ಪರದೆಯ ಮುಂದೆ ಕೂತೆವು. ಬೆಳಿಗ್ಗೆ ಆರೂವರೆಯಿಂದ ಎಂಟರ ತನಕ ಬೋರಿಂಗಿನ ಗೆರೆಯಲ್ಲಿ ಸಣ್ಣ ಸಣ್ಣ ಹಲ್ಲುಗಳಿದ್ದವು. ಜನ ಹೊಡೆದಾಗ ಚೂರು ಇಳಿದು ಮತ್ತೆ ಮೊದಲಿನ ಜಾಗಕ್ಕೆ ಏರುತ್ತಿತ್ತು. ದೊಡ್ಡ ಬಾಗು ಬಂದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಮೂರು ದಿನ, ಮೂರು ಬಾಗು, ಮೂರೂ ಹನ್ನೆರಡೂವರೆಗೆ. ಆಪಾ ಮೋಟಾರು ಶುರುವಾದ ಹೊತ್ತಿಗೆ ಗುರುತು ಇಟ್ಟರು. ಗೆರೆ ಎರಡೂ ಗ್ರಾಫುಗಳನ್ನು ದಾಟಿ ಕೆಳಗಿಳಿಯಿತು. ಸರ್ ಕನ್ನಡಕ ಏರಿಸಿ ನೋಡಿ, ಪೆನ್ನು ಕೇಳಿದರು.

ಸಹಿ ಹಾಕುವ ಮುನ್ನ ಆಪಾ ಅವರನ್ನು ತಡೆದು, ಹೊಸದಾಗಿ ಬರೆದ ವರದಿಯ ಮೊದಲ ಪುಟದಲ್ಲಿ ಒಂದು ಸಾಲು ಸೇರಿಸಿದರು: ಹಿಂದಿನ ವರದಿಯಲ್ಲಿ ನಾನು ಕೊಟ್ಟ ಕಾರಣ ತಪ್ಪಾಗಿತ್ತು. ಯಾರೂ ಕೇಳಿರದ ತಪ್ಪೊಪ್ಪಿಗೆ ಯಾಕೆ ಎಂದು ನಾನು ಕೇಳಿದ್ದಕ್ಕೆ, ಆ ಕಾಗದದ ಪ್ರತಿ ಎಲ್ಲೋ ಒಂದು ಫೈಲಿನಲ್ಲಿ ಇದ್ದೇ ಇರುತ್ತದೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವವರು ಬಂದರೆ ಗೊಂದಲವಾಗಬಾರದು ಎಂದರು. ಅಷ್ಟು ಹೊತ್ತಿಗೆ ನನ್ನ ಕೆಲಸವನ್ನು ನನಗಿಂತ ಚೆನ್ನಾಗಿ ಅವರೇ ಅರ್ಥ ಮಾಡಿಕೊಂಡಿದ್ದರು. ಸಭೆಯಲ್ಲಿ ಯಾರೂ ನಗಲಿಲ್ಲವಂತೆ. ಬೋರಿಂಗ್ ಪಟ್ಟಿಯಿಂದ ಹೊರಬಂತು, ಮೋಟಾರು ಮಧ್ಯಾಹ್ನಕ್ಕೆ ಸರಿಯಿತು.

ಎಲ್ಲ ಗ್ರಾಫುಗಳನ್ನೂ ದಾಟುವ ಆ ಗುರುತಿಗೆ ಒಂದು ಹೆಸರು ಬೇಕಾಗಿತ್ತು. ಕಂಪನಿಯಲ್ಲಿ ಭಾರಿ ಭಾರಿ ಹೆಸರುಗಳನ್ನು ಸೂಚಿಸಿದರು. ನಾನು ‘ಟಿಕಳಿ’ ಎಂದು ಹಾಕಿದೆ, ಹಟ ಹಿಡಿದು ಉಳಿಸಿಕೊಂಡೆ. ಈಗ ಮೂರೂ ತಾಲೂಕಿನಲ್ಲಿ ಟಿಕಳಿ ಹಚ್ಚಿ ನೋಡಿ ಎಂದೇ ಹೇಳುತ್ತಾರೆ. ತಂತ್ರಾಂಶದಲ್ಲಿ ಅದರ ಬಣ್ಣ ಕೆಂಪು. ಯಾಕೆಂದರೆ ನನ್ನ ನೆನಪಿನಲ್ಲಿ ಅದು ಕೆಂಪಾಗಿತ್ತು. ಡೈರಿ ನೋಡಿದ ಮೇಲೆ ಆಪಾಗೆ ಫೋನು ಮಾಡಿ ಕೇಳಿದೆ.

“ನನಗ ಹಳದಿ ಇದ್ದಂಗ ನೆಪ್ಪದ” ಎಂದರು. “ಇರ್ಲಿ ಬಿಡು ತಂಗಿ, ಜಾಗಾ ಬರೋಬ್ಬರಿ ಇದ್ರ ಸಾಕು.”

ಫೋನು ಇಟ್ಟು ನೆಲೋಗಿಯ ಪುಟ ತೆರೆದೆ. ಎರಡು ವರ್ಷದ ಹಿಂದೆ ಆಪಾ ಜೋಡಿಸಿಟ್ಟ ಹಾಗೆಯೇ ಇದೆ: ಮೇಲೆ ಮೋಟಾರು, ಕೆಳಗೆ ಬೋರಿಂಗ್. ಇವತ್ತು ಬೆಳಿಗ್ಗೆ ಆರೂವರೆಯಿಂದ ಎಂಟರ ತನಕ ಕೆಳಗಿನ ಗೆರೆಯಲ್ಲಿ ಸಣ್ಣ ಹಲ್ಲುಗಳಿವೆ. ಓಣಿಯವರು ಕೊಡ ತುಂಬಿಸಿಕೊಂಡು ಹೋಗಿದ್ದಾರೆ.